ನಮ್ಮ ತೋಟದಲ್ಲಿ ಉಂಟು

ಕೊಡಗಿನಲ್ಲಿ ತೋಟ ಇಲ್ಲದವರು ತೋಟ ಇರುವವರ ಜೊತೆ ಹಕ್ಕಿ ನೋಡಲು ಹೋಗಬಾರದು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಪುಟ್ಟ ಜಿಲ್ಲೆಯದ್ದೇ. ಅದರಲ್ಲಿ ನನ್ನ ಪಾಲು, ಮಡಿಕೇರಿಯ ಬಾಡಿಗೆ ಮನೆಯ ಹಿಂದೆ ಪೇಂಟಿನ ಡಬ್ಬದಲ್ಲಿರುವ ಒಂದು ಗಿಡ. ಅದು ಇನ್ನೂ ಹೂ ಬಿಟ್ಟಿಲ್ಲ.

ನಮ್ಮ ಬಾವನಿಗೆ ನಾಪೋಕ್ಲು ಕಡೆ ತೋಟ ಇದೆ. ಬ್ಯಾಂಕಿನಲ್ಲಿ ಕೆಲಸ ಅಂತ ಶನಿವಾರ ಬಂದವರು ರಾತ್ರಿ ನಮ್ಮಲ್ಲೇ ಉಳಿದರು. ಬೆಳಿಗ್ಗೆ ಎದ್ದು ನಾನು ರಾಜಾಸೀಟಿಗೆ ಹೊರಟರೆ, ‘ತಡಿ ಮಾರಾಯ, ನಾನೂ ಬರ್ತೇನೆ’ ಅಂದರು. ಅಕ್ಕನ ಗಂಡ. ಬೇಡ ಅನ್ನೋಕಾಗತ್ತಾ? ‘ಒಂದು ನಿಮಿಷ ಕೊಡು, ನೋಡುವ’ ಅಂತ ಕೇಳಿದ ಬೈನಾಕ್ಯುಲರ್, ಗೇಟು ದಾಟುವ ಮೊದಲೇ ಅವರ ಕುತ್ತಿಗೆಯಲ್ಲಿತ್ತು. ಹೊಸದು. ಅದರ ಕಂತು ಇನ್ನೂ ನನ್ನ ಸಂಬಳದಿಂದಲೇ ಹೋಗುತ್ತಿದೆ.

ಮಾರ್ಚ್ ಕೊನೆ. ಹೂಮಳೆ ಬಂದು ವಾರ ಕಳೆದಿತ್ತು. ಕೆಳಗಿನ ತೋಟಗಳ ಕಾಫಿ ಹೂವಿನ ಪರಿಮಳ ಗಾಳಿ ಬಂದಾಗಲೆಲ್ಲ ಮೇಲಕ್ಕೆ ಬರುತ್ತಿತ್ತು. ರಾಜಾಸೀಟ್ ಅಂದರೆ ಕೊಡಗಿನ ಅರಸರು ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ಜಾಗ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದರು. ಅರಸರು ಹೋದರು, ಸೀಟು ಉಳಿಯಿತು. ಈಗ ವೀಕೆಂಡ್ ಬಂದರೆ ಆ ಸೀಟಿಗೂ ಕ್ಯೂ, ಅದರ ಮುಂದೆ ಸೆಲ್ಫಿಗೂ ಕ್ಯೂ. ಅದಕ್ಕೇ ಬೆಳಕು ಹರಿಯುವಾಗಲೇ ಹೋಗಬೇಕು.

ದಾರಿಯ ಪಕ್ಕ ಒಂದು ಹಾಲುವಾಣದ ಮರ. ಎಲೆ ಒಂದೂ ಇಲ್ಲ, ಮೈಯೆಲ್ಲ ಕೆಂಪು ಹೂ. ಹಕ್ಕಿ ನೋಡುವವರಿಗೆ ಎಲೆ ಉದುರಿದ ಮರಕ್ಕಿಂತ ದೊಡ್ಡ ಉಪಕಾರಿ ಇಲ್ಲ. ಪಿಕಳಾರಗಳು ಜುಟ್ಟು ನಿಮಿರಿಸಿಕೊಂಡು ಜಗಳ ಆಡುತ್ತಿದ್ದವು. ಒಂದು ಸೂರಕ್ಕಿ ಹೂವಿನೊಳಗೆ ತಲೆ ತೂರಿಸಿ, ಹೊರಗೆ ತೆಗೆದಾಗ ಹಣೆಗೆಲ್ಲ ಹಳದಿ ಪರಾಗ ಮೆತ್ತಿಕೊಂಡಿತ್ತು. ಇದನ್ನೆಲ್ಲ ನಾನು ಬರಿಗಣ್ಣಿನಲ್ಲಿ, ಕಣ್ಣು ಕಿರಿದು ಮಾಡಿಕೊಂಡು ನೋಡಿದೆ. ಎಂಟು ಪಟ್ಟು ದೊಡ್ಡದಾಗಿ ನೋಡಿದವರು ಬಾವ.

‘ಸೂರಕ್ಕಿ ಬಾವ’ ಅಂದೆ.

‘ನಮ್ಮ ತೋಟದಲ್ಲಿ ಉಂಟು.’

ಸರಿ, ಇರಲಿ. ಸೂರಕ್ಕಿ ಎಲ್ಲರ ಮನೆಯಲ್ಲೂ ಇರುತ್ತೆ. ಮುಂದೆ ಹೋದೆವು. ತಂತಿಯ ಮೇಲೆ ಕಾಜಾಣ. ತೋಟದಲ್ಲಿ ಉಂಟು. ಅಲ್ಲಿಯದರ ಬಾಲ ಸ್ವಲ್ಪ ಉದ್ದವಂತೆ. ಕುಟ್ರುಹಕ್ಕಿ ಎಲ್ಲೋ ಮರೆಯಲ್ಲಿ ಕೂತು ‘ಕುಟ್ರೂ ಕುಟ್ರೂ’ ಅಂತ ಶುರು ಮಾಡಿತು. ಹಸಿರು ಎಲೆಯ ಮಧ್ಯೆ ಹಸಿರು ಹಕ್ಕಿ, ಕುತ್ತಿಗೆ ನೋವು ಬರುವವರೆಗೆ ಹುಡುಕಿದರೂ ಕಾಣಲ್ಲ. ‘ನಮ್ಮ ತೋಟದಲ್ಲಿ ಕಾಣ್ತದೆ’ ಅಂದರು ಬಾವ. ಕಣಿವೆಯ ಮೇಲೆ ಗರುಡ ತೇಲುತ್ತಾ ಬಂತು. ‘ಈಗ ಇಲ್ಲಿ ಉಂಟು. ಹತ್ತು ಗಂಟೆಗೆ ನಮ್ಮಲ್ಲಿಗೆ ಬರ್ತದೆ.’ ಗರುಡನಿಗೂ ಡ್ಯೂಟಿ ಚಾರ್ಟ್ ಬರೆದುಕೊಟ್ಟವರ ಹಾಗೆ ಹೇಳಿದರು.

ಚರಂಡಿಯ ಅಂಚಿನಲ್ಲಿ ಬೂದು ಸಿಪಿಲೆ ಬಾಲ ಕುಣಿಸುತ್ತಾ ಓಡಾಡುತ್ತಿತ್ತು. ನನಗೆ ಖುಷಿಯಾಯಿತು. ಇದು ವಲಸೆ ಹಕ್ಕಿ. ಚಳಿಗಾಲ ಕಳೆಯೋಕೆ ಇಲ್ಲಿಗೆ ಬಂದು, ಏಪ್ರಿಲ್ ಹೊತ್ತಿಗೆ ವಾಪಸ್ ಹೊರಡುತ್ತೆ. ಈ ಸಲ ಬಾವ ಸಿಕ್ಕಿಬಿದ್ದರು ಅಂದುಕೊಂಡು, ‘ಇದು ಹಿಮಾಲಯದಿಂದ ಬರೋದು ಬಾವ’ ಅಂದೆ.

‘ಹೌದು. ಬಂದು ಮೊದಲು ಇಳಿಯೋದು ನಮ್ಮ ತೋಟದಲ್ಲೇ. ಆಮೇಲೆ ಮಡಿಕೇರಿಗೆ ಬರ್ತದೆ.’

ಇಂಥವರ ಜೊತೆ ವಾದ ಮಾಡೋದು ಹೇಗೆ? ಸಾಕ್ಷಿಗೆ ಸಿಪಿಲೆಯನ್ನು ಕರೆಯೋಕಾಗಲ್ಲ. ಈ ತೋಟದವರ ತೊಂದರೆಯೇ ಇದು. ನಾವು ತಿಂಗಳಿಡೀ ಕಾದು, ನಿದ್ದೆ ಕೆಟ್ಟು, ಇಬ್ಬನಿಯಲ್ಲಿ ಪ್ಯಾಂಟು ನೆನೆಸಿಕೊಂಡು ನೋಡುವ ಹಕ್ಕಿಯನ್ನು ಅವರು ಹಲ್ಲುಜ್ಜುತ್ತಾ ನೋಡಿರುತ್ತಾರೆ. ಮಂಗಟ್ಟೆ ಹಕ್ಕಿ ಗಹಗಹಿಸಿ ನಕ್ಕ ಹಾಗೆ ಕೂಗುತ್ತಲ್ಲ, ಅದು ನಮ್ಮಂಥವರನ್ನು ನೋಡಿಯೇ ಇರಬೇಕು.

ಅಷ್ಟರಲ್ಲಿ ಪೊದೆಯ ಆಚೆಯಿಂದ ಸಿಳ್ಳೆ ಕೇಳಿಸಿತು. ರಾಗ ಹಿಡಿದು, ಅರ್ಧಕ್ಕೆ ಬಿಟ್ಟು, ಮತ್ತೆ ಎಲ್ಲಿಂದಲೋ ಶುರು ಮಾಡುವ ಸೋಮಾರಿ ಸಿಳ್ಳೆ. ನನ್ನ ಎದೆ ಡವಡವ. ಮಲಬಾರ್ ವಿಸ್ಲಿಂಗ್ ಥ್ರಶ್! ಕಡುನೀಲಿ ಮೈಯ ಈ ಹಕ್ಕಿಯನ್ನು ಇಂಗ್ಲಿಷಿನವರು ಸಿಳ್ಳೆ ಹಾಕುವ ಶಾಲೆ ಹುಡುಗ ಅಂತ ಕರೆದದ್ದು ಈ ಸಿಳ್ಳೆಗೇ. ‘ಶ್!’ ಅಂದೆ. ಬಾವ ನಿಂತರು. ವಾಕಿಂಗಿಗೆ ಬಂದಿದ್ದ ದಂಪತಿ, ಕಸ ಗುಡಿಸುತ್ತಿದ್ದ ಅಮ್ಮ, ಅವರೂ ನಿಂತರು. ಕೂಗು ಗುರುತಿಸುವ ಆ್ಯಪ್ ತೆರೆದು ಮೊಬೈಲನ್ನು ಆರತಿ ತಟ್ಟೆಯಂತೆ ಎತ್ತಿ ಹಿಡಿದೆ. ಆ್ಯಪೂ ಹೌದು ಅಂತ ಅದೇ ಹಕ್ಕಿಯ ಹೆಸರು ತೋರಿಸಿತು.

ಬಾವ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. ‘ನಮ್ಮ ತೋಟದಲ್ಲಿ ಉಂಟು. ಬೆಳಗಿನ ಜಾವ ಮಲಗೋಕೇ ಬಿಡೋದಿಲ್ಲ.’

ಪೊದೆ ಅಲ್ಲಾಡಿತು. ಚಡ್ಡಿ, ತಲೆಗೆ ಉಲ್ಟಾ ಟೋಪಿ, ಕೈಯಲ್ಲಿ ಚಿಪ್ಸ್ ಪ್ಯಾಕೆಟ್. ಪ್ರವಾಸಕ್ಕೆ ಬಂದ ಹುಡುಗ ಸಿಳ್ಳೆ ಹಾಕುತ್ತಾ ಹೊರಬಂದ. ಮೊಬೈಲ್ ಎತ್ತಿ ಹಿಡಿದು ನಿಂತ ನನ್ನನ್ನು ನೋಡಿ, ಫೋಟೋ ತೆಗೆಯುತ್ತಿದ್ದೇನೆ ಅಂದುಕೊಂಡು ಎರಡು ಬೆರಳು ತೋರಿಸಿ ಪೋಸ್ ಕೊಟ್ಟ.

‘ಇದೂ ಉಂಟಾ ಬಾವ, ನಿಮ್ಮ ತೋಟದಲ್ಲಿ?’

ಅವರು ಒಂಚೂರೂ ತಡವರಿಸಲಿಲ್ಲ. ‘ಹೋಂಸ್ಟೇ ಮಾಡಿದ ಮೇಲೆ ಇದೂ ಉಂಟು’ ಅಂದರು.

ಬಿಸಿಲು ಏರಿತು, ಕಾರುಗಳೂ ಬರತೊಡಗಿದವು. ಅಕ್ಕ ಫೋನಿನಲ್ಲಿ ಹೇಳಿದ ಸಾಮಾನು ತರೋಕೆ ಮಹದೇವಪೇಟೆಗೆ ಇಳಿದೆವು. ದಿನಸಿ ಅಂಗಡಿ ಆಗಷ್ಟೇ ಬಾಗಿಲು ತೆಗೆದಿತ್ತು. ಅಕ್ಕಿ ಮೂಟೆಯ ಬುಡದಲ್ಲಿ ಚೆಲ್ಲಿದ ಕಾಳಿಗೆ ಗುಬ್ಬಚ್ಚಿಗಳು ಬಂದಿದ್ದವು. ಒಂದು ಗಂಡು, ಎದೆಗೆ ಮಸಿ ಬಳಿದುಕೊಂಡಂಥದ್ದು, ತಕ್ಕಡಿಯ ಮೇಲೆಯೇ ಹತ್ತಿ ಕೂತಿತು. ಬಾವ ಬೈನಾಕ್ಯುಲರ್ ಎತ್ತಿದರು. ನಾಲ್ಕು ಅಡಿ ದೂರದಲ್ಲಿದೆ, ಕೈ ಚಾಚಿದರೆ ಸಿಗುತ್ತೆ, ಅದಕ್ಕೂ ಬೈನಾಕ್ಯುಲರ್! ನಾನು ಕಾದೆ. ‘ನಮ್ಮ ತೋಟದಲ್ಲಿ...’ ಅಂದರು. ಮುಂದೆ ಬರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ, ‘ಗದ್ದೆ ಮಾಡ್ತಿದ್ದಾಗ ಇತ್ತು’ ಅಂದರು. ‘ಕಣದಲ್ಲಿ ಭತ್ತ ಹರವಿದರೆ ಅಮ್ಮ ಕೋಲು ಹಿಡಿದು ಕೂತ್ಕೊಳ್ಬೇಕಿತ್ತು. ಹೆಂಚಿನ ಸಂದಿಯಲ್ಲೆಲ್ಲ ಗೂಡು.’ ಈಗ ಗದ್ದೆ ಪಾಳು ಬಿದ್ದಿದೆ. ಕೆಲಸಕ್ಕೆ ಜನ ಇಲ್ಲ, ನಾಟಿ ಮಾಡಿದರೆ ಆನೆ ಬಿಡಲ್ಲ. ಹೆಂಚು ತೆಗೆದು ಆರ್‌ಸಿಸಿ ಹಾಕಿಸಿದ್ದಾರೆ. ಮಾರ್ಚ್ 20ಕ್ಕೆ ವಿಶ್ವ ಗುಬ್ಬಚ್ಚಿ ದಿನ ಅಂತ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಚಿತ್ರ ಹಾಕಿದವರೂ ಇವರೇ. ಅದನ್ನು ನೆನಪಿಸೋಣ ಅಂತ ಬಾಯಿ ತೆರೆದವನು ಸುಮ್ಮನಾದೆ. ಅಂಗಡಿಯವರು ತಕ್ಕಡಿಯಿಂದ ಗುಬ್ಬಿಯನ್ನು ಓಡಿಸಿ ಬೇಳೆ ತೂಗಿದರು.

ಆ ಮೌನ ಬಸ್ ಸ್ಟ್ಯಾಂಡ್ ತನಕ ಬಾಳಿತು. ‘ಒಟ್ಟು ಎಷ್ಟು ಜಾತಿ ಆಯ್ತು?’ ಅಂತ ಕೇಳಿದರು. ಹತ್ತೊಂಬತ್ತು ಅಂದೆ. ಅವರು ಉತ್ತರ ಕೊಡಲಿಲ್ಲ, ಸುಮ್ನೆ ನಕ್ಕರು. ಅದು ಇನ್ನೂ ಜಾಸ್ತಿ ಉರಿಸಿತು. ಬೇಳೆಯ ಚೀಲ ಅವರ ಕೈಗೆ ಕೊಟ್ಟು, ಸೀಟು ಹಿಡಿದುಕೊಟ್ಟು, ಟಾಟಾ ಮಾಡಿ ಮನೆಗೆ ಬಂದೆ.

ಸಂಜೆ ಫೋನ್ ಮಾಡಿದೆ. ‘ಬಾವ, ನನ್ನ ಬೈನಾಕ್ಯುಲರ್...’

‘ಹೆದರಬೇಡ ಮಾರಾಯ’ ಅಂದರು. ‘ನಮ್ಮ ತೋಟದಲ್ಲಿ ಉಂಟು.’