ಬೀಗ ಹೊರಗಿತ್ತು, ಲೋಟದಲ್ಲಿ ಹಬೆಯಿತ್ತು

ಥ್ರಿಲ್ಲರ್ ಸಿನಿಮಾ ಒಂದರ ಮೊದಲ ಎರಡು ನಿಮಿಷ ಮಾಡಿ ತನ್ನಿ ಅಂತ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೊಟ್ಟರೆ ಏನು ಬರುತ್ತದೆ ಅಂತ ನೋಡದೆಯೇ ಹೇಳಬಹುದು. ಅಲಾರಾಂ ಹೊಡೆಯುತ್ತದೆ, ಹುಡುಗಿ ಏಳುತ್ತಾಳೆ, ಹಲ್ಲುಜ್ಜುತ್ತಾಳೆ. ಆಮೇಲೆ ಮರಗಳ ನಡುವೆ ಓಟ, ಮುಖ ಮುಚ್ಚಿಕೊಂಡವನೊಬ್ಬ, ಚಾಕು, ಕಿರುಚಾಟ. ಕಡೆಗೆ ನೋಡಿದರೆ ಎಲ್ಲ ಕನಸು! ಇದರಲ್ಲಿ ಕ್ಯಾಮೆರಾದ ತಪ್ಪು ಏನೂ ಇರುವುದಿಲ್ಲ, ಈಗಿನ ಫೋನು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಶೂಟಿಂಗಿಗೆ ಹೊರಡುವ ಮೊದಲು ಮಾಡಬೇಕಾದ ಒಂದು ತೀರ್ಮಾನವನ್ನು ತಂಡದಲ್ಲಿ ಯಾರೂ ಮಾಡಿರುವುದಿಲ್ಲ, ಅಷ್ಟೇ. ಯಾವ ವಿಷಯ ಮೊದಲು ಯಾರಿಗೆ ಗೊತ್ತಾಗಬೇಕು? ಪಾತ್ರಕ್ಕೋ, ನೋಡುವವರಿಗೋ?

ಟ್ರೇಲರ್‌ನಲ್ಲಿ ಇಡೀ ಸಿನಿಮಾದ ರುಚಿ ತೋರಿಸಬೇಕು, ಕಿರುಚಿತ್ರದಲ್ಲಿ ಕಥೆ ಮುಗಿಸಬೇಕು. ಓಪನಿಂಗ್‌ಗೆ ಈ ಎರಡು ಹೊರೆಯೂ ಇಲ್ಲ. ಒಂದು ಪ್ರಶ್ನೆ ಎಬ್ಬಿಸಿ ಉತ್ತರ ಕೊಡದೆ ಟೈಟಲ್ ಹಾಕಿದರೆ ಮುಗಿಯಿತು. ಎರಡೇ ನಿಮಿಷದಲ್ಲಿ ಕೊಲೆ, ಕೊಲೆಗಾರ, ಅವನ ಹಳೆ ದ್ವೇಷ ಎಲ್ಲ ತುರುಕಿದರೆ ಮುಂದಿನ ಎರಡು ಗಂಟೆ ಕುಳಿತು ನೋಡಲು ಏನೂ ಉಳಿಯುವುದಿಲ್ಲ.

ಒಂದು ಉದಾಹರಣೆ ಹಿಡಿದು ಮಾತಾಡೋಣ. ರಾತ್ರಿ ಒಬ್ಬಳು ಮನೆಗೆ ಬರುತ್ತಾಳೆ. ಬಾಗಿಲಿಗೆ ಹೊರಗಿನಿಂದ ಬೀಗ. ತೆಗೆದು ಒಳಗೆ ಹೋಗುತ್ತಾಳೆ. ಅಡುಗೆಮನೆ ಕಟ್ಟೆಯ ಮೇಲೆ ಒಂದು ಲೋಟ ಟೀ, ಇನ್ನೂ ಹಬೆಯಾಡುತ್ತಿದೆ. ಇಷ್ಟೇ. ಪಾತ್ರ ಒಂದು, ಜಾಗ ಎರಡು, ಮಾತಿಲ್ಲ, ರಕ್ತವಿಲ್ಲ.

ಆ ಲೋಟದ ಶಾಟ್ ಎಲ್ಲಿಡಬೇಕು ಅನ್ನುವುದೇ ಇಡೀ ಪ್ರಾಜೆಕ್ಟು. ಅವಳು ಅಡುಗೆಮನೆಗೆ ಬಂದು, ತಟ್ಟನೆ ನಿಂತ ಮೇಲೆ ಇಟ್ಟರೆ ಅವಳಿಗೂ ನಮಗೂ ಒಟ್ಟಿಗೆ ಗೊತ್ತಾಗುತ್ತದೆ, ಒಂದು ಸೆಕೆಂಡ್ ಬೆಚ್ಚುತ್ತೇವೆ. ಅವಳಿನ್ನೂ ಬಾಗಿಲಲ್ಲಿ ಬ್ಯಾಗ್ ಇಳಿಸುತ್ತಿರುವಾಗಲೇ ಇಟ್ಟರೆ ನಮಗೆ ಮೊದಲು ಗೊತ್ತು, ಅವಳಿಗೆ ಗೊತ್ತಿಲ್ಲ. ಆಗ ಅವಳು ಶೂ ಬಿಚ್ಚುವ 8 ಸೆಕೆಂಡ್, ಫೋನ್ ಚಾರ್ಜಿಗೆ ಹಾಕುವ 6 ಸೆಕೆಂಡ್ ನಮ್ಮ ಉಸಿರು ಹಿಡಿದಿಡುತ್ತವೆ. ಬೇರೆ ಸಿನಿಮಾದಲ್ಲಿ ಇದನ್ನೇ ನೋಡಿದ್ದರೆ ಆಕಳಿಸುತ್ತಿದ್ದೆವು. ಒಂದು ಶಾಟೂ ಹೆಚ್ಚಾಗಿಲ್ಲ, ಒಂದರ ಜಾಗ ಬದಲಾಗಿದೆ ಅಷ್ಟೇ. 1958ರ ಹಾಲಿವುಡ್ ಸಿನಿಮಾ 'ಟಚ್ ಆಫ್ ಈವಿಲ್' ಶುರುವಾಗುವುದೂ ಹೀಗೇ. ಬಾಂಬಿಗೆ ಟೈಮರ್ ತಿರುಗಿಸಿ ಕಾರಿನ ಡಿಕ್ಕಿಯಲ್ಲಿಡುವುದನ್ನು ನಾವು ನೋಡುತ್ತೇವೆ, ಕಾರು ಹತ್ತಿದವರು ನೋಡಿಲ್ಲ. ಮೂರು ನಿಮಿಷ ದಾಟುವ ಆ ಒಂದೇ ಶಾಟನ್ನು ಕಾಪಿ ಹೊಡೆಯಲು ಹೋಗಬೇಡಿ, ಅದಕ್ಕೆ ಕ್ರೇನ್ ಬೇಕು. ಕಲಿಯಬೇಕಾದ್ದು ಡಿಕ್ಕಿಯಲ್ಲಿದೆ.

ಬೀಗ ಹೊರಗಿತ್ತು ಅನ್ನುವುದು ನೋಡುವವರ ತಲೆಗೆ ಹೋಗದಿದ್ದರೆ ಲೋಟಕ್ಕೆ ಅರ್ಥವೇ ಇಲ್ಲ. ಮನೆಯಲ್ಲಿ ಯಾರೋ ಟೀ ಮಾಡಿಕೊಂಡಿದ್ದಾರೆ ಅಂದುಕೊಂಡು ಸುಮ್ಮನಾಗುತ್ತಾರೆ. ಬಹಳ ತಂಡಗಳು ಮುಗ್ಗರಿಸುವುದು ಇಲ್ಲೇ: ದೂರದಿಂದ ಒಂದು ವೈಡ್ ಶಾಟ್, ಅವಳ ಬೆನ್ನು ಬಾಗಿಲಿಗೆ ಅಡ್ಡ, ಕೈ ಏನು ಮಾಡುತ್ತಿದೆಯೋ ಕಾಣದು. ಬೀಗಕ್ಕೆ ಅದರದೇ ಕ್ಲೋಸ್-ಅಪ್ ಬೇಕು, ಕನಿಷ್ಠ 2 ಸೆಕೆಂಡ್. ಕೀಲಿ ತಿರುಗುವ ಸದ್ದು, ಬೀಗ ಚಿಲಕದಿಂದ ಕಳಚಿಕೊಳ್ಳುವ ಸದ್ದು ಬೇರೆಬೇರೆಯಾಗಿ ಕೇಳಬೇಕು.

ಇನ್ನು ಹಬೆ. ಕಣ್ಣಿಗೆ ಕಾಣುವ ಹಬೆ ಕ್ಯಾಮೆರಾಗೆ ಸುಲಭಕ್ಕೆ ಕಾಣುವುದಿಲ್ಲ. ಬೆಳಕು ಲೋಟದ ಹಿಂದಿನಿಂದ, ಸ್ವಲ್ಪ ಓರೆಯಾಗಿ ಬರಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಗೋಡೆ ಬಿಳಿಯಿದ್ದರೆ ಕಪ್ಪು ಬಟ್ಟೆ ಇಳಿಬಿಡಿ. ಫ್ಯಾನ್ ಬಂದ್, ಕಿಟಕಿ ಬಂದ್. ಫೋಕಸ್, ಎಕ್ಸ್‌ಪೋಶರ್ (ಚಿತ್ರ ಎಷ್ಟು ಬೆಳಗಬೇಕು ಅನ್ನುವುದು) ಎಲ್ಲ ಲಾಕ್ ಮಾಡಿಟ್ಟುಕೊಂಡು, ಕಟ್ಟಕಡೆಗೆ ಕುದಿಯುವ ನೀರು ಹುಯ್ಯಿರಿ. ಒಂದೆರಡು ನಿಮಿಷದಲ್ಲಿ ಹಬೆ ತೆಳುವಾಗುತ್ತದೆ, ಪ್ರತಿ ಟೇಕಿಗೂ ಹೊಸ ನೀರು ಬೇಕು. ನಿಜವಾದ ಹಾಲಿನ ಟೀ ಇಟ್ಟರೆ ಎರಡನೇ ಟೇಕಿನ ಹೊತ್ತಿಗೆ ಕೆನೆ ಕಟ್ಟಿ ಕಂಟಿನ್ಯೂಟಿ (ಎಲ್ಲ ಟೇಕಲ್ಲೂ ಒಂದೇ ಥರ ಕಾಣುವುದು) ಹಾಳು. ಕ್ಯಾಮೆರಾವನ್ನು ಲೋಟದ ಅಂಚಿಗಿಂತ ಕೆಳಗಿಟ್ಟರೆ ಒಳಗಿರುವುದು ಬರೀ ಬಿಸಿನೀರು ಅಂತ ಯಾರಿಗೂ ಗೊತ್ತಾಗದು. ಗಾಜಿನ ಲೋಟ ಬೇಡ, ಕುದಿಯುವ ನೀರಿಗೆ ಸೀಳಬಹುದು, ಒಳಗಿನ ನೀರೂ ಕಾಣುತ್ತದೆ. ಸ್ಟೀಲ್ ಅಥವಾ ಪಿಂಗಾಣಿ ಇರಲಿ.

ಇದೆಲ್ಲ ಮೊದಲು ಕಾಗದದ ಮೇಲೆ ಆಗಬೇಕು. ಸ್ಟೋರಿಬೋರ್ಡ್, ಅಂದರೆ ಒಂದೊಂದು ಶಾಟಿಗೆ ಒಂದೊಂದು ಚೌಕದ ಚಿತ್ರ, ಚೆಂದ ಇರಬೇಕಾಗಿಲ್ಲ, ಕಡ್ಡಿಗೊಂಬೆ ಸಾಕು. ಒಂದೊಂದು ಚೌಕದ ಫೋಟೊ ತೆಗೆದು ಎಡಿಟಿಂಗ್ ಆ್ಯಪ್‌ನಲ್ಲಿ ಸಾಲಾಗಿಟ್ಟು, ಬೇಕಾದಷ್ಟು ಸೆಕೆಂಡ್ ಕೊಟ್ಟು, ಬಾಯಲ್ಲೇ ಸದ್ದು ಮಾಡಿ ರೆಕಾರ್ಡ್ ಮಾಡಿ. ಇದಕ್ಕೆ ಆ್ಯನಿಮ್ಯಾಟಿಕ್ ಅನ್ನುತ್ತಾರೆ. ಒಂದು ಸಂಜೆಯ ಕೆಲಸ. ಇಲ್ಲಿ ಬೋರು ಹೊಡೆಸಿದ್ದು ಶೂಟ್ ಮಾಡಿದ ಮೇಲೂ ಬೋರು ಹೊಡೆಸುತ್ತದೆ. 120 ಸೆಕೆಂಡಿಗೆ 30-35 ಶಾಟ್ ಅಂದರೆ ಒಂದಕ್ಕೆ ಸರಾಸರಿ ಮೂರೂವರೆ, ನಾಲ್ಕು ಸೆಕೆಂಡ್. ಆದರೆ ಸರಾಸರಿಯಲ್ಲಿ ಕತ್ತರಿಸಬೇಡಿ. ಶುರುವಿನಲ್ಲಿ 7-8 ಸೆಕೆಂಡಿನ ಶಾಟ್ ಇರಲಿ, ಕೊನೆಗೆ ಒಂದೊಂದು ಸೆಕೆಂಡಿಗೆ ಇಳಿಯಲಿ. ಹೊಸಬರಿಗೆ ಲೈಟ್ ಸರಿಸಿ, ಕ್ಯಾಮೆರಾ ಇಟ್ಟು, ಮೂರು ಟೇಕ್ ಮುಗಿಸಲು ಒಂದು ಶಾಟಿಗೆ 15-20 ನಿಮಿಷ ಬೇಕು. 32 ಶಾಟಿಗೆ 8ರಿಂದ 11 ಗಂಟೆ. ಎರಡು ದಿನ ಇಟ್ಟುಕೊಳ್ಳಿ. ಕಥೆಯ ಕ್ರಮದಲ್ಲಿ ಶೂಟ್ ಮಾಡದೆ, ಬಾಗಿಲ ಕಡೆ ನೋಡುವ ಶಾಟ್‌ಗಳನ್ನೆಲ್ಲ ಮುಗಿಸಿ ಆಮೇಲೆ ಕ್ಯಾಮೆರಾ ತಿರುಗಿಸಿ.

ಕ್ಯಾಮೆರಾ ಸೆಟ್ಟಿಂಗ್ ಬಗ್ಗೆ ಹೇಳುವುದು ಕಡಿಮೆ. ಹಿಂದಿನ ಮುಖ್ಯ ಲೆನ್ಸ್ ಮಾತ್ರ ಬಳಸಿ, ಬೆರಳಲ್ಲಿ ಜೂಮ್ ಮಾಡಬೇಡಿ. ಕರೆಂಟು 50 ಹರ್ಟ್ಜ್ ಇರುವ ಕಡೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್, ಇಲ್ಲದಿದ್ದರೆ ಬಲ್ಬಿನ ಬೆಳಕಲ್ಲಿ ಪಟ್ಟೆಪಟ್ಟೆ ಓಡುತ್ತವೆ. ಫೋನಿನ ವಿಡಿಯೊದಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ, ಬೇರೆ ರೆಕಾರ್ಡರ್‌ನ ಸದ್ದಿನ ಜೊತೆ ಜೋಡಿಸಿದಾಗ ನಿಧಾನಕ್ಕೆ ಹಿಂದೆಮುಂದೆ ಆಗುತ್ತದೆ. ಎಡಿಟಿಂಗಿಗೆ ಹಾಕುವ ಮೊದಲೇ ವಿಡಿಯೊ ಬದಲಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಿಸಿಕೊಳ್ಳಿ. ಹೊರಗೆ ಎಡದಿಂದ ಬಲಕ್ಕೆ ನಡೆದು ಬಾಗಿಲು ಹೊಕ್ಕವಳು ಒಳಗೂ ಎಡದಿಂದ ಬಲಕ್ಕೇ ಬರಬೇಕು, ಇಲ್ಲದಿದ್ದರೆ ವಾಪಸ್ ಹೊರಟಳೇನೋ ಅನ್ನಿಸುತ್ತದೆ. ಬಾಗಿಲು ತೆರೆಯುವುದನ್ನು ಹೊರಗಿನಿಂದಲೂ ಪೂರ್ತಿ, ಒಳಗಿನಿಂದಲೂ ಪೂರ್ತಿ ತೆಗೆಯಿರಿ. ಕೈ ಚಲಿಸುತ್ತಿರುವಾಗ ಕತ್ತರಿಸಿದರೆ ಕಟ್ ಕಾಣುವುದೇ ಇಲ್ಲ.

ಕತ್ತಲೆ ಬೇಕು ಅಂತ ಲೈಟೆಲ್ಲ ಆರಿಸಿ ಶೂಟ್ ಮಾಡುವವರಿದ್ದಾರೆ. ಬೆಳಕು ಸಾಲದಾದಾಗ ಫೋನು ತಾನಾಗಿ ಬೆಳಕಿಗೆ ತನ್ನ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸುತ್ತದೆ, ಕಪ್ಪಿನ ತುಂಬ ಬಣ್ಣಬಣ್ಣದ ಚುಕ್ಕಿಗಳ ನಾಯ್ಸ್ ಕುಣಿಯುತ್ತದೆ, ಅಪ್‌ಲೋಡ್ ಆದ ಮೇಲೆ ಅದೇ ಚೌಕಚೌಕವಾಗಿ ಒಡೆಯುತ್ತದೆ. ತೆರೆಯ ಮೇಲಿನ ಕತ್ತಲೆಗೆ ಬೆಳಕು ಬೇಕೇ ಬೇಕು. ಚಾವಣಿಯ ಲೈಟ್ ಆರಿಸಿ, ಒಂದೇ ಒಂದು ಲೈಟನ್ನು ಮುಖದ ಪಕ್ಕಕ್ಕೆ ಅಥವಾ ಇನ್ನೂ ಸ್ವಲ್ಪ ಹಿಂದಕ್ಕೆ ಇಡಿ. ಹತ್ತಿರ ಇಡಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಮುಖ ಹೊಳೆಯುವಷ್ಟಕ್ಕೆ ಎಕ್ಸ್‌ಪೋಶರ್ ಇಳಿಸಿ ಲಾಕ್ ಮಾಡಿದರೆ ದೂರದ ಗೋಡೆ ತಾನಾಗಿ ಕಪ್ಪಾಗುತ್ತದೆ. ನೆರಳಿನ ಕಡೆ ಕಣ್ಣೇ ಕಾಣದಷ್ಟು ಕಪ್ಪಾದರೆ ಆ ಕಡೆಯಿಂದ ಒಂದು ಥರ್ಮೊಕೋಲ್ ಶೀಟ್ ಹಿಡಿಯಿರಿ, ಬೇಕಾದಷ್ಟೇ ಬೆಳಕು ವಾಪಸ್ ಬರುತ್ತದೆ. ಹಿಂದೆ ದೂರದಲ್ಲಿ ಒಂದು ಪುಟ್ಟ ದೀಪ ಉರಿಯುತ್ತಿದ್ದರೆ ಮನೆ ಎಷ್ಟು ಆಳವಿದೆ ಅಂತ ಗೊತ್ತಾಗುತ್ತದೆ, ಆ ಆಳದಲ್ಲಿ ಯಾರಿದ್ದಾರೋ ಅನ್ನುವ ಅನುಮಾನವೂ ಹುಟ್ಟುತ್ತದೆ. ಐಎಸ್‌ಒ 800 ದಾಟದಂತೆ ನೋಡಿಕೊಳ್ಳಿ. ಬಾಗಿಲ ಹೊರಗಿನ ಶಾಟನ್ನು ನಡುರಾತ್ರಿ ತೆಗೆಯಬೇಡಿ. ಸೂರ್ಯ ಮುಳುಗಿ 20 ನಿಮಿಷದ ಹೊತ್ತಿಗೆ ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ, ಕಿಟಕಿಯ ದೀಪವೂ ಕಾಣುತ್ತದೆ. ಈ ಹೊತ್ತು ಕಾಲು ಗಂಟೆಗಿಂತ ಹೆಚ್ಚು ಸಿಗದು, ರಿಹರ್ಸಲ್ ಮೊದಲೇ ಮುಗಿದಿರಲಿ.

ಅಂಕ ಹೋಗುವುದು ಮಾತ್ರ ಚಿತ್ರಕ್ಕಿಂತ ಸದ್ದಿನಲ್ಲೇ ಹೆಚ್ಚು. ಫೋನಿನ ಮೈಕು ಕ್ಯಾಮೆರಾ ಇರುವಲ್ಲಿ ಇರುತ್ತದೆ, ನಮಗೆ ಬೇಕಾದ ಸದ್ದು ಬೀಗದ ಹತ್ತಿರ ಇರುತ್ತದೆ. ಇನ್ನೊಂದು ಫೋನನ್ನು ರೆಕಾರ್ಡರ್ ಮಾಡಿ, ಫ್ರೇಮಿಗೆ ಕಾಣದಂತೆ 30-40 ಸೆಂಟಿಮೀಟರ್ ದೂರದಲ್ಲಿಡಿ. ಟೇಕ್ ಶುರುವಿಗೆ ಒಂದು ಚಪ್ಪಾಳೆ ತಟ್ಟಿದರೆ ಆಮೇಲೆ ಜೋಡಿಸುವುದು ಸುಲಭ. ಒಬ್ಬರು ಇಯರ್‌ಫೋನ್ ಹಾಕಿಕೊಂಡು ಕೇಳುತ್ತಲೇ ಇರಬೇಕು, ಅವರಿಗೆ ಬೇರೆ ಕೆಲಸ ಬೇಡ. ಫ್ರಿಜ್ ಆಫ್ ಮಾಡಿ, ಅದರ ಗುಂಯ್‌ಗುಟ್ಟುವಿಕೆ ಕಿವಿಗೆ ಗೊತ್ತಾಗದಿದ್ದರೂ ಮೈಕಿಗೆ ಗೊತ್ತಾಗುತ್ತದೆ. ಆಫ್ ಮಾಡಿದವರು ತಮ್ಮ ಗಾಡಿ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಲಿ, ಮನೆಗೆ ಹೊರಡುವಾಗ ಮತ್ತೆ ಆನ್ ಮಾಡುವುದು ತಾನಾಗಿ ನೆನಪಾಗುತ್ತದೆ.

ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿ ನಿಂತು ಒಂದು ನಿಮಿಷ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಇದೇ ರೂಮ್ ಟೋನ್. ಇದಿಲ್ಲದೆ ಕಟ್ ಮಾಡಿದರೆ ಶಾಟ್ ಬದಲಾದಾಗಲೆಲ್ಲ ಹಿನ್ನೆಲೆ ಸದ್ದು ಹಾರುತ್ತದೆ, ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಹೆಜ್ಜೆ, ಬಟ್ಟೆಯ ಸರಸರ, ಸ್ವಿಚ್, ಕೀಲಿ ಇವನ್ನೆಲ್ಲ ಆಮೇಲೆ ಹೊದಿಕೆ ಇಳಿಬಿಟ್ಟ ಸಣ್ಣ ಕೋಣೆಯಲ್ಲಿ ಚಿತ್ರ ನೋಡಿಕೊಂಡು ಮತ್ತೆ ರೆಕಾರ್ಡ್ ಮಾಡಬೇಕು. ಫೋಲಿ ಅನ್ನುವುದು ಇದನ್ನೇ. ಕೀಲಿಯ ಸದ್ದು ಚಿತ್ರಕ್ಕಿಂತ 10-12 ಫ್ರೇಮ್ ಮೊದಲೇ ಕೇಳಿಸಿದರೆ ಆ ಕಟ್ ತಾನಾಗಿ ಎಳೆದುಕೊಂಡು ಹೋಗುತ್ತದೆ. ಪ್ರತಿ ತಿರುವಿಗೂ 'ಢಂ' ಅನ್ನುವ ಹಿನ್ನೆಲೆ ಸದ್ದು ಸುರಿಯಬೇಡಿ. ಲೋಟ ಕಂಡ ಕ್ಷಣ ಇಡೀ ಸಂಗೀತ ನಿಂತು ಒಂದೂವರೆ ಸೆಕೆಂಡ್ ರೂಮ್ ಟೋನ್ ಮಾತ್ರ ಉಳಿದರೆ ಯಾವ 'ಢಂ'ಗಿಂತಲೂ ಅದು ಜೋರು. ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಸಂಗೀತವೆಲ್ಲ ಬಳಸಲು ಪುಕ್ಕಟೆಯಲ್ಲ. ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಹೆಸರು ಹಾಕಲೇಬೇಕಾದದ್ದು, ವ್ಯಾಪಾರಕ್ಕೆ ಬಳಸಬಾರದ್ದು, ಯಾವ ಷರತ್ತೂ ಇಲ್ಲದ್ದು ಅಂತ ಬಗೆಗಳಿವೆ, ಇಳಿಸಿಕೊಂಡ ದಿನವೇ ಬರೆದಿಟ್ಟುಕೊಳ್ಳಿ.

ಟೈಟಲ್ ಕಾರ್ಡ್‌ಗಳನ್ನು ಕೊನೇ ರಾತ್ರಿಗೆ ಬಿಡುವುದು ಹಳೇ ಚಾಳಿ. 9-10 ಕಾರ್ಡ್, ಒಂದಕ್ಕೆ ಎರಡೂವರೆ, ಮೂರು ಸೆಕೆಂಡ್ ಅಂದರೆ ಹೆಚ್ಚುಕಡಿಮೆ ಅರ್ಧ ನಿಮಿಷ ಅಕ್ಷರ ತೆರೆಯ ಮೇಲಿರುತ್ತದೆ. ಅದಕ್ಕೆ ಫ್ರೇಮಿನಲ್ಲಿ ಖಾಲಿ ಜಾಗವನ್ನು ಶೂಟ್ ಮಾಡುವಾಗಲೇ ಬಿಡಬೇಕು, ಅವಳು ಎಡಕ್ಕಿದ್ದರೆ ಬಲಗಡೆಯ ಕಪ್ಪು ಗೋಡೆ ಹೆಸರಿಗೆ. ಮೊದಲು ನಿರ್ಮಾಣ ಸಂಸ್ಥೆ, ಆಮೇಲೆ ನಟರು, ಚಿತ್ರದ ಹೆಸರು, ಸಂಗೀತ, ಸಂಕಲನ, ಛಾಯಾಗ್ರಹಣ, ನಿರ್ಮಾಪಕ, ಕೊನೆಗೆ ನಿರ್ದೇಶಕ ಅನ್ನುವುದು ರೂಢಿ. ಚಿತ್ರದ ಹೆಸರನ್ನು ಮಾತ್ರ ಲೋಟ ಕಂಡ ಮೇಲಿನ ಕಪ್ಪು ತೆರೆಗೆ ಉಳಿಸಿಕೊಳ್ಳಬಹುದು. ರಕ್ತ ತೊಟ್ಟಿಕ್ಕುವ ಫಾಂಟ್ ಬೇಡವೇ ಬೇಡ. ಕನ್ನಡದಲ್ಲಿ ಹಾಕುವವರು ಇನ್ನೊಂದು ನೋಡಿಕೊಳ್ಳಬೇಕು: ಎಡಿಟಿಂಗ್ ಸಾಫ್ಟ್‌ವೇರ್ ಅಡೋಬಿ ಪ್ರೀಮಿಯರ್‌ನಲ್ಲಿ ಟೆಕ್ಸ್ಟ್ ಎಂಜಿನ್ (ಅಕ್ಷರ ಜೋಡಿಸುವ ಸೆಟ್ಟಿಂಗ್) ಅನ್ನು ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆಗೆ ಬದಲಿಸದಿದ್ದರೆ ಒತ್ತಕ್ಷರಗಳು ಕಳಚಿ ಬೀಳಬಹುದು. ಆಗದಿದ್ದರೆ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಬರೆದು ಪಾರದರ್ಶಕ ಪಿಎನ್‌ಜಿ ಮಾಡಿ ತನ್ನಿ. ತೀರಾ ತೆಳು ಫಾಂಟಿನಲ್ಲಿ ಒತ್ತುಗಳು ಕಪ್ಪಿನಲ್ಲಿ ಕರಗಿಹೋಗುತ್ತವೆ.

ಚಾಕು ಇರಲೇಬೇಕು ಅನ್ನುವವರು ಮೊಂಡು ರಬ್ಬರಿನದು ತನ್ನಿ, ಹೊರಗೆ ಶೂಟ್ ಮಾಡುವ ಮೊದಲು ಅಕ್ಕಪಕ್ಕದವರಿಗೂ ಪೊಲೀಸರಿಗೂ ತಿಳಿಸಿ. ದೂರದಿಂದ ನೋಡಿದವರಿಗೆ ಅದು ಸಿನಿಮಾ ಅಂತ ಹೇಗೆ ಗೊತ್ತಾಗಬೇಕು? ಕುತ್ತಿಗೆಗೆ ಹಗ್ಗ, ಮುಖಕ್ಕೆ ಪ್ಲಾಸ್ಟಿಕ್ ಚೀಲ ಇವು ತಮಾಷೆಗೂ ಬೇಡ.

ಮೊದಲ ಜೋಡಣೆ ಮೂರೂವರೆ ನಿಮಿಷ ಬರುತ್ತದೆ, ಗಾಬರಿ ಬೇಡ. ಪ್ರತಿ ಶಾಟಿನ ತಲೆ, ಬಾಲ ಕತ್ತರಿಸಿ, ಒಂದೇ ವಿಷಯವನ್ನು ಎರಡು ಸಲ ಹೇಳುವ ಶಾಟ್ ಕಿತ್ತೆಸೆಯಿರಿ. ಮಿನುಗುವ ಟ್ರಾನ್ಸಿಶನ್‌ಗಳನ್ನು ಮುಟ್ಟಬೇಡಿ. ಆಮೇಲೆ ಕಥೆ ಗೊತ್ತಿಲ್ಲದ ಐದು ಜನಕ್ಕೆ ತೋರಿಸಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಏನಾಯಿತು, ಈಗ ನಿಮಗೆ ಏನು ತಿಳಿಯಬೇಕು ಅಂತ ಕೇಳಿ. 'ಬಾಗಿಲಿಗೆ ಬೀಗ ಇತ್ತಲ್ಲ, ಹಾಗಾದರೆ ಟೀ ಮಾಡಿದ್ದು ಯಾರು' ಅಂತ ಅವರೇ ಕೇಳಿದರೆ ಗೆದ್ದಿರಿ. 'ಅವಳ ಗಂಡ ಒಳಗಿದ್ದನಾ' ಅಂದರೆ ಬೀಗ ಅವರಿಗೆ ಕಂಡಿಲ್ಲ.

ಕಾಣದಿರಲು ಕಾರಣ ಪ್ರೊಜೆಕ್ಟರೂ ಆಗಿರಬಹುದು. ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡ ಕಪ್ಪು, ಕಿಟಕಿ ಬೆಳಕು ಬೀಳುವ ಕ್ಲಾಸಿನ ಪರದೆಯ ಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಬೀಗ ಬಾಗಿಲಿನಲ್ಲಿ ಸೇರಿಹೋಗುತ್ತದೆ. ಸಲ್ಲಿಸುವ ಹಿಂದಿನ ದಿನವೇ ಅಲ್ಲೇ ಹಾಕಿ ನೋಡಿ. ಕಾಣದಿದ್ದರೆ ಇಡೀ ಫಿಲ್ಮನ್ನು ಬೆಳಗಿಸಲು ಹೋಗಬೇಡಿ. ಬೀಗದ ಶಾಟ್ ಒಂದನ್ನು ಮಾತ್ರ ಅರ್ಧ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಏರಿಸಿ ಮತ್ತೆ ಎಕ್ಸ್‌ಪೋರ್ಟ್ ಕೊಡಿ.