ಸೈಬರ್ ಭದ್ರತೆಯ ಆನ್‌ಲೈನ್ ಕಲಿಕೆ: ಒಂದು ಸ್ಪಷ್ಟನೆ

ಸೈಬರ್ ಭದ್ರತೆಯನ್ನು ತರಗತಿಯಲ್ಲಿ ಕುಳಿತು ಕಲಿತವರಿಗಷ್ಟೇ ಪ್ರಮಾಣಪತ್ರ ಸಿಗುತ್ತದೆ, ಆನ್‌ಲೈನ್ ಕಲಿಕೆಗೆ ಮಾನ್ಯತೆಯಿಲ್ಲ ಎಂಬ ಸಂದೇಶವೊಂದು ಕಲಬುರಗಿಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಸೈಬರ್ ಭದ್ರತೆಯ ಆರಂಭಿಕ ಹಂತದ ಪ್ರಮಾಣಪತ್ರವಾದ ಕಾಂಪ್‌ಟಿಯಾ ಸೆಕ್ಯುರಿಟಿ ಪ್ಲಸ್ ಪರೀಕ್ಷೆಗೆ ತರಗತಿಯ ಹಾಜರಾತಿಯನ್ನು ಯಾರೂ ಕೇಳುವುದಿಲ್ಲ. ಗರಿಷ್ಠ 90 ಪ್ರಶ್ನೆಗಳ, 90 ನಿಮಿಷಗಳ ಆ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೂ ಬರೆಯಬಹುದು, ಕ್ಯಾಮೆರಾ ನಿಗಾದಲ್ಲಿ ಮನೆಯಿಂದಲೂ ಬರೆಯಬಹುದು. ಹ್ಯಾಕಿಂಗ್ ಕೌಶಲ ಅಳೆಯುವ ಒಎಸ್‌ಸಿಪಿ ಪ್ರಮಾಣಪತ್ರದ 23 ಗಂಟೆ 45 ನಿಮಿಷಗಳ ಪ್ರಾಯೋಗಿಕ ಪರೀಕ್ಷೆಯಂತೂ ನಡೆಯುವುದೇ ದೂರದ ನಿಗಾದಲ್ಲಿ. ಐಐಟಿ, ಐಐಎಸ್‌ಸಿಗಳ ಕಲಿಕಾ ಯೋಜನೆಯಾದ ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಆನ್‌ಲೈನ್ ಆದರೂ ಪ್ರಮಾಣಪತ್ರದ ಅಂತಿಮ ಪರೀಕ್ಷೆಯನ್ನು ಕೇಂದ್ರದಲ್ಲೇ ಬರೆಯಬೇಕು. ಗೊಂದಲ ಬಹುಶಃ ಇಲ್ಲಿಂದ ಹುಟ್ಟಿರಬೇಕು.

ಪದವಿಯ ವಿಷಯ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿಯಂತೆ ಅನುಮತಿ ಪಡೆದ ಸಂಸ್ಥೆಯ ಆನ್‌ಲೈನ್ ಪದವಿಯು ತರಗತಿಯ ಪದವಿಗೆ ಸಮಾನ. ಆದರೆ ಎಂಜಿನಿಯರಿಂಗ್ ಪದವಿಯನ್ನು ಹಾಗೆ ನೀಡಲು ಅವಕಾಶವಿಲ್ಲ.

ಹಾಗೆಂದು ತರಗತಿ ವ್ಯರ್ಥವೇನಲ್ಲ. ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರ್‌ನೊಳಗೇ ತಂತ್ರಾಂಶದಿಂದ ರೂಪಿಸಿದ ಇನ್ನೊಂದು ಕಂಪ್ಯೂಟರ್) ಭದ್ರತಾ ಪರೀಕ್ಷೆಯ ಸಾಧನಗಳಿರುವ ಕಾಲಿ ಲಿನಕ್ಸ್ ಹಾಕಿಕೊಂಡು ಸೇಡಂ, ಆಳಂದದ ಮನೆಯಲ್ಲೇ ಅಭ್ಯಾಸ ಮಾಡಬಹುದು (ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದ್ದರೆ ಒಳಿತು). ಆದರೆ ಜಪ್ತಿಯಾದ ಹಾರ್ಡ್ ಡಿಸ್ಕ್‌ಗೆ ರೈಟ್ ಬ್ಲಾಕರ್ (ಡಿಸ್ಕ್‌ನಲ್ಲಿ ಏನೂ ಬರೆಯದಂತೆ ತಡೆಯುವ ಸಾಧನ) ಜೋಡಿಸಿ, ಸಾಕ್ಷ್ಯ ಕೆಡದಂತೆ ಪ್ರತಿ ತೆಗೆಯುವಂಥ ಕೆಲಸ ಪಕ್ಕದಲ್ಲಿ ನಿಂತು ತಿದ್ದುವವರಿದ್ದರೇ ಬೇಗ ಕೈಹತ್ತುತ್ತದೆ. ಶುಲ್ಕ ಕಟ್ಟುವ ಮೊದಲು, ಪ್ರಯೋಗಾಲಯದಲ್ಲಿ ಎಷ್ಟು ಗಂಟೆ ಕೈಯಾರೆ ಕೆಲಸ ಮಾಡಿಸುತ್ತಾರೆ ಎಂಬುದನ್ನು ವಿಚಾರಿಸಿಕೊಳ್ಳಬೇಕು.