ಕರ್ಜನ್ ಪಾರ್ಕಿನಲ್ಲಿ ಒಂದು ಕಲ್ಲುಬೆಂಚು, ಮಹಾರಾಣಿಯವರ ಹೆಸರಿನಲ್ಲಿ

ಮೈಸೂರಿನಲ್ಲಿ ಬ್ರಿಟಿಷರ ಹೆಸರು ಇನ್ನೂ ಯಾಕೆ ಇಟ್ಟುಕೊಂಡಿದ್ದೀವಿ ಅನ್ನೋ ಮಾತು ಆಗಾಗ ಏಳುತ್ತದೆ. ಯಾರೋ ಒಬ್ಬರು ಪೋಸ್ಟ್ ಹಾಕುತ್ತಾರೆ. ಕೆಳಗೆ ಕಾಮೆಂಟಿನ ಜಾತ್ರೆ. ಎರಡು ದಿನ ಬಿಸಿ, ಆಮೇಲೆ ಎಲ್ಲ ತಣ್ಣಗೆ. ಪಟ್ಟಿ ದೊಡ್ಡದೇ ಇದೆ ಬಿಡಿ. ಕರ್ಜನ್ ಪಾರ್ಕ್, ಲ್ಯಾನ್ಸ್‌ಡೌನ್ ಕಟ್ಟಡ, ಇರ್ವಿನ್ ರಸ್ತೆ, ಹಾರ್ಡಿಂಜ್ ಸರ್ಕಲ್, ಆಲ್ಬರ್ಟ್ ವಿಕ್ಟರ್ ರಸ್ತೆ. ದೇವರಾಜ ಮಾರ್ಕೆಟ್ ಮುಂದಿನ ಚಿಕ್ಕ ಗಡಿಯಾರ ಕೂಡ ವೈಸ್‌ರಾಯ್ ಡಫರಿನ್ ಬಂದು ಹೋದ ನೆನಪಿಗೆ ಕಟ್ಟಿದ್ದು. ಅರಮನೆಯ ಅತಿಥಿಯಾಗಿ ನಾಲ್ಕು ದಿನ ಇದ್ದು ಹೋದವರ ಹೆಸರೂ ನಮ್ಮ ವಿಳಾಸಗಳಲ್ಲಿ ಉಳಿದುಕೊಂಡಿದೆ.

ನನಗೆ ಆ ಜಗಳದಲ್ಲಿ ಅಂಥ ಆಸಕ್ತಿ ಇಲ್ಲ. ಹೆಸರು ಬದಲಾಯಿಸಿದರೂ ಆಟೋದವನಿಗೆ ಹೇಳುವಾಗ ನಾವು ಹಳೆಯದನ್ನೇ ಹೇಳುತ್ತೇವೆ. ಹಾರ್ಡಿಂಜ್ ಸರ್ಕಲ್‌ಗೆ ಜಯಚಾಮರಾಜ ವೃತ್ತ ಅಂತ ಹೆಸರಿದೆ, ಪ್ರತಿಮೆಯೂ ಇದೆ. ಬಸ್ಸಿನಲ್ಲಿ ಯಾರಾದರೂ ಹಾಗೆ ಟಿಕೆಟ್ ಕೇಳಿದ್ದು ನೀವು ಕೇಳಿದ್ದೀರಾ?

ನನ್ನ ತಕರಾರು ಬೇರೆ. ಅಲ್ಲಿ ಇರಲೇಬೇಕಾದ ಒಬ್ಬರು ಇಲ್ಲ. ಯಾರು ಅಂತ ಆಮೇಲೆ ಹೇಳುತ್ತೇನೆ. ಮೊದಲು ಕೆ.ಆರ್. ಸರ್ಕಲ್‌ನಿಂದ ಹಾರ್ಡಿಂಜ್ ಸರ್ಕಲ್‌ವರೆಗೆ ನನ್ನ ಜೊತೆ ನಡೆದು ಬನ್ನಿ. ಆರಾಮಾಗಿ ನಡೆದರೂ ಅರ್ಧ ಗಂಟೆ ಬೇಡ.

ಕೆ.ಆರ್. ಸರ್ಕಲ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆ. ಸಿಟಿ ಬಸ್‌ಸ್ಟ್ಯಾಂಡ್ ದಾಟಿ ಮುಂದೆ ಬಂದರೆ ಚಾಮರಾಜ ಸರ್ಕಲ್. ಅಲ್ಲಿ ನಿಂತಿರೋದು ಅವರ ತಂದೆ, ಹತ್ತನೇ ಚಾಮರಾಜ ಒಡೆಯರು. ಬಲಕ್ಕೆ ಕೋಟೆ ಆಂಜನೇಯನ ಗುಡಿ, ಅರಮನೆ. ಎಡಕ್ಕೆ ದೊಡ್ಡ ಗಡಿಯಾರ, ಟೌನ್‌ಹಾಲ್. ಮುಂದೆ ಆಲ್ಬರ್ಟ್ ವಿಕ್ಟರ್ ರಸ್ತೆ ಉದ್ದಕ್ಕೂ ಒಂದು ಕಡೆ ಅರಮನೆಯ ಗೋಡೆ, ಇನ್ನೊಂದು ಕಡೆ ಕರ್ಜನ್ ಪಾರ್ಕ್. ಕೊನೆಗೆ ಹಾರ್ಡಿಂಜ್ ಸರ್ಕಲ್‌ನಲ್ಲಿ ಜಯಚಾಮರಾಜ ಒಡೆಯರು. ಮಗ, ಅಪ್ಪ, ಮೊಮ್ಮಗ. ಮನೆ ಹಜಾರದಲ್ಲಿ ಸಾಲಾಗಿ ತೂಗುಹಾಕಿದ ಹಿರಿಯರ ಫೋಟೋ ಇದ್ದ ಹಾಗೆ ಮೂರು ತಲೆಮಾರು ಒಂದೇ ದಾರಿಯಲ್ಲಿ ಸಿಗುತ್ತದೆ.

ಈ ಸಾಲಿನ ನಡುವೆ ಕರ್ಜನ್ ಹೇಗೆ ಬಂದ?

1902ರ ಆಗಸ್ಟ್ 8. ಜಗನ್ಮೋಹನ ಅರಮನೆಯಲ್ಲಿ ದರ್ಬಾರು. ವೈಸ್‌ರಾಯ್ ಕರ್ಜನ್ ಖುದ್ದಾಗಿ ಬಂದು, ಹದಿನೆಂಟು ತುಂಬಿದ್ದ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರ ವಹಿಸಿದ. ಜಗನ್ಮೋಹನದಲ್ಲೇ ಯಾಕೆ ಅಂದರೆ ದೊಡ್ಡ ಅರಮನೆ ಆಗಿನ್ನೂ ಕಟ್ಟುತ್ತಿದ್ದರು. ಆ ದಿನಕ್ಕೆ 25 ವರ್ಷ ತುಂಬಿತು ಅಂತಲೇ 1927ರಲ್ಲಿ ಅರಮನೆಯ ನೌಕರರು ಕೈಯಿಂದ ದುಡ್ಡು ಹಾಕಿ ದೊಡ್ಡ ಗಡಿಯಾರ ಕಟ್ಟಿಸಿದರು. 75 ಅಡಿ ಎತ್ತರ. ಮುಖದ ಮೇಲೆ ಕನ್ನಡ ಅಂಕಿಗಳು. ನಮ್ಮ ಮಕ್ಕಳಲ್ಲಿ ಎಷ್ಟು ಜನ ಅದನ್ನು ಓದುತ್ತಾರೋ ನೋಡಿ, ಮುಳ್ಳಿನ ಮೇಲೆ ಅಂದಾಜು ಮಾಡಿ ಟೈಮ್ ಹೇಳುತ್ತಾರೆ. ಗಂಟೆ ಹೊಡೆದರೆ ಗೋಪುರವೇ ಬಿರುಕು ಬಿಡುತ್ತೆ ಅಂತ ಅದರ ಸದ್ದು ನಿಲ್ಲಿಸಿದ ಕಥೆ ಎಲ್ಲರಿಗೂ ಗೊತ್ತು.

ಅಂದರೆ ಪಾರ್ಕಿಗೆ ಹೆಸರು ಕೊಟ್ಟವನು ಅಧಿಕಾರ ವಹಿಸಿದವನು, ಗಡಿಯಾರ ಆ ಅಧಿಕಾರದ ಬೆಳ್ಳಿಹಬ್ಬ. ಎರಡೂ ಅಕ್ಕಪಕ್ಕ. ಚೆನ್ನಾಗಿದೆ. ಆದರೆ ಕರ್ಜನ್ ಅಧಿಕಾರವನ್ನು ವಹಿಸಿದ್ದು ಯಾರ ಕೈಯಿಂದ ತೆಗೆದುಕೊಂಡು?

ಚಾಮರಾಜ ಒಡೆಯರು ಕಲ್ಕತ್ತಾಗೆ ಹೋದವರು ಅಲ್ಲೇ ತೀರಿಕೊಂಡದ್ದು 1894ರ ಡಿಸೆಂಬರ್‌ನಲ್ಲಿ. ಆಗ ಕೃಷ್ಣರಾಜರಿಗೆ ಹತ್ತು ವರ್ಷ. 1894ರಿಂದ 1902. ಸರ್ಕಲ್ಲಿನ ಅಪ್ಪನ ಪ್ರತಿಮೆಗೂ ಪಾರ್ಕಿನ ಗೇಟಿಗೂ ನಡುವೆ ಇರುವ ಆ ನಾಲ್ಕು ಹೆಜ್ಜೆಯಲ್ಲಿ ಏಳೂವರೆ ವರ್ಷ ಕಾಣೆಯಾಗಿದೆ. ಆ ಏಳೂವರೆ ವರ್ಷ ಮೈಸೂರು ರಾಜ್ಯ ಆಳಿದ್ದು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ವಾಣಿವಿಲಾಸ ಸನ್ನಿಧಾನ ಅಂತಲೇ ಹೆಸರಾದವರು. ಗಂಡ ಹೋದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಮಗ ದೊಡ್ಡವನಾಗುವವರೆಗೆ ಗಾದಿ ಕಾಪಾಡಿಕೊಂಡರು, ಅಷ್ಟೇ ತಾನೇ ಅನ್ನಬೇಡಿ. ಅವರ ಕಾಲದಲ್ಲಿ ಬಂದದ್ದು ಒಂದೊಂದೂ ದೊಡ್ಡ ಏಟು. 1897ರ ಫೆಬ್ರವರಿಯಲ್ಲಿ, ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲೇ, ಹಳೆಯ ಮರದ ಅರಮನೆ ಸುಟ್ಟುಹೋಯಿತು. ಮದುವೆ ಮನೆ ಅದು. ಯೋಚನೆ ಮಾಡಿ. ಅದೇ ವರ್ಷ ಹೊಸ ಅರಮನೆಯ ಕೆಲಸಕ್ಕೆ ಕೈ ಹಾಕಿಸಿದರು, ಹೆನ್ರಿ ಇರ್ವಿನ್ ಅನ್ನುವ ವಾಸ್ತುಶಿಲ್ಪಿಯನ್ನು ಕರೆಸಿ. ಈಗ ಟಿಕೆಟ್ ತೆಗೆದುಕೊಂಡು, ಚಪ್ಪಲಿ ಬಿಟ್ಟು ನಾವು ಒಳಗೆ ಹೋಗಿ ನೋಡೋದು ಅದೇ ಅರಮನೆ. ಮುಗಿದದ್ದು 1912ರಲ್ಲಿ, ಖರ್ಚು 41,47,913 ರೂಪಾಯಿ. ಬೆಂಕಿ ಆರಿ ಜಾಸ್ತಿ ದಿನ ಆಗಿರಲಿಲ್ಲ, 1898ರಲ್ಲಿ ಪ್ಲೇಗ್ ಬಂತು. ಮೈಸೂರಿನ ಇಕ್ಕಟ್ಟಾದ ಕೇರಿಗಳು ಖಾಲಿಯಾದವು. ಊರನ್ನು ಬಿಚ್ಚಿ, ರಸ್ತೆ ಅಗಲ ಮಾಡಿ, ಗಾಳಿ ಬೆಳಕು ಬರೋ ಬಡಾವಣೆ ಮಾಡಬೇಕು ಅನ್ನೋ ಬುದ್ಧಿ ಬಂದಿದ್ದು ಆ ಪೆಟ್ಟಿನಿಂದಲೇ. ನಗರ ಸುಧಾರಣೆಯ ಟ್ರಸ್ಟ್ ಬೋರ್ಡ್ ಶುರುವಾಗಿದ್ದು 1903ರಲ್ಲಿ. ಇವತ್ತು ನಾವು ಕೊಚ್ಚಿಕೊಳ್ಳೋ ಪಾರ್ಕು, ಅಗಲ ರಸ್ತೆಗಳ ಹಿಂದೆ ಆ ಸಾವುಗಳಿವೆ.

ಇನ್ನು ಕರೆಂಟು. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ಹರಿಸಿದ್ದು 1902ರ ಜೂನ್ ಕೊನೆಗೆ. ಮಹಾರಾಣಿಯವರ ಆಡಳಿತ ಮುಗಿಯೋಕೆ ಒಂದೂವರೆ ತಿಂಗಳೂ ಇರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪಾಲು ಇದರಲ್ಲಿ ದೊಡ್ಡದು, ಅದನ್ನು ಯಾರೂ ಇಲ್ಲ ಅನ್ನಲ್ಲ. ಆದರೆ ಅಯ್ಯರ್ ಅವರಿಗೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಪ್ರತಿಮೆ ಇದೆ ಅಲ್ವಾ?

ಭಾನುವಾರ ಸಂಜೆ ಕರ್ಜನ್ ಪಾರ್ಕಿನ ಕಡೆಯ ಫುಟ್‌ಪಾತಿನಲ್ಲಿ ನಿಂತು ನೋಡಿ. ಏಳು ಗಂಟೆಗೆ ಅರಮನೆಯ ಬಲ್ಬುಗಳೆಲ್ಲ ಒಂದೇ ಸಲ ಹತ್ತಿಕೊಳ್ಳುತ್ತವೆ, ಹತ್ತಿರ ಹತ್ತಿರ ಒಂದು ಲಕ್ಷ. ಪ್ರತಿ ವಾರ ನೋಡೋ ಮೈಸೂರಿಗರ ಬಾಯಲ್ಲೂ ‘ಹೋ’ ಅಂತ ಬರುತ್ತದೆ. ಆ ಕಟ್ಟಡಕ್ಕೆ ಅಪ್ಪಣೆ ಕೊಟ್ಟವರ ಹೆಸರು, ಈ ರಾಜ್ಯಕ್ಕೆ ವಿದ್ಯುತ್ ಬಂದ ಕಾಲದ ರಾಣಿಯ ಹೆಸರು, ಕೆ.ಆರ್. ಸರ್ಕಲ್‌ನಿಂದ ಹಾರ್ಡಿಂಜ್ ಸರ್ಕಲ್‌ವರೆಗಿನ ಈ ದಾರಿಯಲ್ಲಿ ಒಂದು ಕಲ್ಲಿನ ಮೇಲಾದರೂ ಇರಬೇಡವೇ?

ಬೇರೆ ಕಡೆ ಇದೆಯಲ್ಲ ಅನ್ನಬಹುದು. ಇದೆ. ವಾಣಿವಿಲಾಸ ಅನ್ನೋ ಅವರ ಹೆಸರಿನಲ್ಲಿ ವಿ.ವಿ. ಮೊಹಲ್ಲಾ ಇದೆ, ಅಗ್ರಹಾರದ ಹತ್ತಿರ ಮಾರ್ಕೆಟ್ ಇದೆ, ನೀರು ಸರಬರಾಜು ಇದೆ. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವೂ ಇದೆ. ಅದರ ಕೆಲಸ ಶುರುವಾಗಿದ್ದು ಇವರ ಆಡಳಿತದಲ್ಲಿ, ಮುಗಿದದ್ದು 1907ರಲ್ಲಿ. 2022ರಲ್ಲಿ 89 ವರ್ಷಗಳ ನಂತರ ಅದು ಕೋಡಿ ಬಿದ್ದಾಗ ಇಡೀ ರಾಜ್ಯ ರೀಲ್ಸ್ ಹಂಚಿಕೊಂಡಿತು. ಚಿತ್ರದುರ್ಗದ ರೈತ ಬಾಗಿನ ಬಿಟ್ಟು ಕೈ ಮುಗಿದ. ಅವರಿದ್ದ ಊರಿನಲ್ಲಿ, ಅವರ ಮನೆಯ ಎದುರಿಗೇ, ಅವರನ್ನು ಬಿಟ್ಟುಬಿಟ್ಟಿದ್ದೇವೆ.

ಹಾಗಾದರೆ ಇನ್ನೊಂದು ಪ್ರತಿಮೆ ನಿಲ್ಲಿಸೋಣ, ಇನ್ನೊಂದು ಸರ್ಕಲ್ ಹುಡುಕೋಣ ಅಂತ ಯಾರಾದರೂ ಹೊರಟರೆ ದಯವಿಟ್ಟು ಬೇಡ. ಸರ್ಕಲ್ಲಿನ ಪ್ರತಿಮೆಯ ಪಾಡು ನೋಡಿದ್ದೀನಿ. ಹೋದ ದಸರಾ ರಜೆಗೆ ಪಾಂಡವಪುರದಿಂದ ನಮ್ಮ ನೆಂಟರ ಮಕ್ಕಳು ಬಂದಿದ್ದರು. ಕೆ.ಆರ್. ಸರ್ಕಲ್ ತೋರಿಸಿದೆ. ಅಲ್ಲಿಗೆ ಹೋಗೋಣ ಅಂದರು. ಹೇಗೆ ಹೋಗೋದು? ಸುತ್ತ ಬಸ್ಸು, ಆಟೋ, ಬೈಕು. ನಿಂತರೆ ಪೊಲೀಸಿನವರು ಸೀಟಿ ಊದುತ್ತಾರೆ. ಕೊನೆಗೆ ಈಚೆ ದಡದಲ್ಲೇ ನಿಂತು ಸೆಲ್ಫಿ ತೆಗೆದುಕೊಂಡರು. ಫೋಟೋದಲ್ಲಿ ಮೂರು ಹಲ್ಲು, ಒಂದು ಸಿಟಿ ಬಸ್ಸು, ಅದರ ಮೇಲೆ ಮಹಾರಾಜರ ಮಂಟಪದ ತುದಿ. ಅವರು ಯಾರು ಅಂತ ಓದೋಕೆ ಒಂದಕ್ಷರ ಕಾಣಲಿಲ್ಲ.

ಅಮೃತಶಿಲೆಯ ಮೇಲೆ ಪಾರಿವಾಳದ ಹಿಕ್ಕೆ ಬೇರೆ. ಪುಣ್ಯ ಬರುತ್ತೆ ಅಂತ ಅರಮನೆ ಮುಂದೆ ಮೂಟೆಗಟ್ಟಲೆ ಕಾಳು ಸುರಿದವರಿಗೆ ಆ ಪುಣ್ಯ ಯಾರ ತಲೆ ಮೇಲೆ ಬೀಳುತ್ತೆ ಅನ್ನೋದು ಹೊಳೆಯಲಿಲ್ಲ.

ಇದಕ್ಕೆ ಎದುರಾಗಿ ಟೌನ್‌ಹಾಲ್ ಮುಂದಿನ ಅಂಬೇಡ್ಕರ್ ಪ್ರತಿಮೆ ನೋಡಿ. ಜನ ಹತ್ತಿರ ಹೋಗುತ್ತಾರೆ. ಏಪ್ರಿಲ್ 14ಕ್ಕೆ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹಾರ ಹಾಕುತ್ತಾರೆ, ಧರಣಿ ಕೂರುತ್ತಾರೆ, ಮಕ್ಕಳನ್ನು ಎತ್ತಿ ತೋರಿಸುತ್ತಾರೆ. ಅದು ಬದುಕಿರೋ ಸ್ಮಾರಕ. ಟೌನ್‌ಹಾಲ್ ತಾನೇ ಒಂದು ಸ್ಮಾರಕ. ದಿವಾನ್ ರಂಗಾಚಾರ್ಲು 1883ರಲ್ಲಿ ತೀರಿಕೊಂಡ ಮೇಲೆ ಅವರ ನೆನಪಿಗೆ ಕಟ್ಟಿದ್ದು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುಮಾಡಿದ ದಿವಾನರ ನೆನಪಿಗೆ ಜನ ಸೇರೋ ಒಂದು ಹಾಲ್ ಕಟ್ಟಿದರಲ್ಲ, ಅದು ಬುದ್ಧಿವಂತಿಕೆ. 

ಚಾಮರಾಜ ಒಡೆಯರನ್ನೇ ತೆಗೆದುಕೊಳ್ಳಿ. ಸರ್ಕಲ್ಲಿನಲ್ಲಿ ಇಷ್ಟು ಚೆಂದದ ಮಂಟಪದ ಕೆಳಗೆ ನಿಂತಿದ್ದಾರೆ. ಆದರೆ ಮಕ್ಕಳಿಗೆ ಅವರ ಹೆಸರು ಗೊತ್ತಿರೋದು ಝೂನಿಂದ. 1892ರಲ್ಲಿ ಅವರು ಶುರುಮಾಡಿದ ಅರಮನೆಯ ಮೃಗಾಲಯಕ್ಕೆ 1909ರಲ್ಲಿ ಅವರದೇ ಹೆಸರಿಟ್ಟರು. ಜಿರಾಫೆ ನೋಡೋಕೆ ಬಂದ ಮಗು ಗೇಟಿನ ಮೇಲಿನ ಹೆಸರನ್ನೂ ಓದಿಕೊಂಡೇ ಒಳಗೆ ಹೋಗುತ್ತದೆ.

ಅದಕ್ಕೇ ನಾನು ಕೇಳೋದು ಕರ್ಜನ್ ಪಾರ್ಕಿನ ಒಳಗೆ ಒಂದು ಜಾಗ. ನೆಲಮಟ್ಟದಲ್ಲಿ. ಮಂಟಪ ಬೇಡ, ಚಿನ್ನದ ಬಣ್ಣದ ಗೋಪುರ ಬೇಡ, ಬೇಲಿಯಂತೂ ಬೇಡವೇ ಬೇಡ. ಉದ್ದನೆಯ ಒಂದು ಕಲ್ಲುಬೆಂಚು, ಪಕ್ಕದಲ್ಲಿ ಒಂದು ಫಲಕ.

ಬೆಂಚಾ ಅಂತ ನಗಬೇಡಿ. ಆ ಪಾರ್ಕಿಗೆ ಯಾರು ಬರುತ್ತಾರೆ ಅಂತ ನೋಡಿದ್ದೀರಾ? ಹಳ್ಳಿಯಿಂದ ಬಂದು ಕೆಲಸ ಮುಗಿಸಿ ಬಸ್ಸಿಗೆ ಇನ್ನೂ ಟೈಮ್ ಇರುವವರು. ಆಸ್ಪತ್ರೆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡ ಅಮ್ಮಂದಿರು. ಮಧ್ಯಾಹ್ನ ಡಬ್ಬಿ ಬಿಚ್ಚೋಕೆ ಜಾಗ ಹುಡುಕೋ ಅಂಗಡಿ ಕೆಲಸದ ಹುಡುಗಿಯರು. ಅಲ್ಲಿ ತೋಟಗಾರಿಕೆ ಇಲಾಖೆಯ ಕಚೇರಿ ಇದೆ, ಗಿಡ ಬೆಳೆಸೋ ಕೈಗಳು ದೂರ ಇಲ್ಲ. ಆದರೆ ನಮ್ಮ ಪಾರ್ಕುಗಳಿಗೆ ಒಂದು ರೋಗ ಇದೆ. ತೋಟ ಅಂದರೆ ನೋಡೋದಕ್ಕೆ, ಕೂರೋದಕ್ಕಲ್ಲ ಅಂತ. ದಸರಾ ಫಲಪುಷ್ಪ ಪ್ರದರ್ಶನಕ್ಕೆ ಕುಪ್ಪಣ್ಣ ಪಾರ್ಕಿನಲ್ಲಿ, ಹಳಬರ ನಿಷಾದ್‌ಬಾಗಿನಲ್ಲಿ, ಹೂವಿನಿಂದ ಏನೇನೋ ಮಾದರಿ ಕಟ್ಟುತ್ತಾರೆ. ಚೆನ್ನಾಗಿರುತ್ತೆ, ನಾನೂ ಸಾಲಿನಲ್ಲಿ ನಿಂತು ನೋಡುತ್ತೇನೆ. ವರ್ಷದ ಉಳಿದ ದಿನ ನೆರಳಲ್ಲಿ ಕೂರೋಕೆ ಜಾಗ ಬೇಕಲ್ಲ?

ದೊಡ್ಡದಾಗಿ ಕಟ್ಟೋದು ಸುಲಭ, ನೋಡಿಕೊಳ್ಳೋದು ನಮ್ಮ ಕೈಲಿ ಆಗಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರ್ಕೆಟಿನ ಒಂದು ಭಾಗ ಬಿತ್ತು. ಕಲ್ಲುಬೆಂಚಿಗೆ ಸುಣ್ಣ ಬೇಡ, ಲೈಟು ಬೇಡ, ಟೆಂಡರೂ ಬೇಡ. ಅದಕ್ಕೇ ಯಾರಿಗೂ ಆಸಕ್ತಿ ಬರಲ್ಲವೇನೋ, ಅದು ಬೇರೆ ಮಾತು.

ಪಾರ್ಕಿನ ಹೆಸರು ಕರ್ಜನ್ ಅಂತಲೇ ಇರಲಿ. ಅದನ್ನು ಅಳಿಸಿದರೆ 1902ರ ದರ್ಬಾರಿನ ಕಥೆ ಅರ್ಧ ಹೋಗುತ್ತದೆ. ಕರ್ಜನ್ ಹೆಸರಿನ ತೋಟದಲ್ಲಿ, ಅವತ್ತು ಅಧಿಕಾರ ಬಿಟ್ಟುಕೊಟ್ಟವರ ಬೆಂಚು ಇದ್ದರೆ ಕಥೆ ಪೂರ್ತಿಯಾಗುತ್ತದೆ. ರಾಜಮನೆತನದ ಭಜನೆ ಇನ್ನೂ ಎಷ್ಟು ದಿನ ಅಂತ ಕೇಳೋ ಗೆಳೆಯರೂ ನನಗಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 1947ರಲ್ಲಿ ಜನರ ಸರ್ಕಾರ ಬೇಕು ಅಂತ ನಡೆದ ಮೈಸೂರು ಚಲೋ ಚಳವಳಿಯ ಸಮಯದಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ಸರ್ಕಲ್ ದಿನಾ ದಾಟುತ್ತೇವೆ, ಸಿಗ್ನಲ್ ಬಿತ್ತಾ ಅಂತ ಮಾತ್ರ ನೋಡುತ್ತೇವೆ. ಅಲ್ಲಿಗೂ ಓದೋ ಹಾಗೆ ಒಂದು ಫಲಕ ಬರಲಿ, ಆ ಗೆಳೆಯರ ಜೊತೆ ನಾನೂ ಸಹಿ ಹಾಕುತ್ತೇನೆ. ಸಾಲಾಗಿ ಗಂಡಸರನ್ನೇ ನಿಲ್ಲಿಸಿರೋ ದಾರಿಯಲ್ಲಿ ಒಬ್ಬ ಹೆಂಗಸಿಗೆ ಜಾಗ ಕೇಳಿದರೆ ಅದು ಭಜನೆ ಅಂತ ಮಾತ್ರ ನನಗೆ ಅನ್ನಿಸಲ್ಲ.

ದುಡ್ಡಿನ ಚಿಂತೆ ಬೇಡ. ಗಡಿಯಾರಕ್ಕೆ ಅರಮನೆ ನೌಕರರು ಸಂಬಳದಲ್ಲಿ ಕೊಟ್ಟರು. ಒಂದು ಬೆಂಚಿಗೆ ನಾವು ಕೊಡೋದು ಕಷ್ಟವಾ? ಇಲಾಖೆಯವರು ಜಾಗ ತೋರಿಸಿ ಅನುಮತಿ ಕೊಟ್ಟರೆ ಸಾಕು. ರಸ್ತೆಯ ಕಡೆಗೆ, ಕೂತರೆ ಅರಮನೆ ಕಾಣೋ ಹಾಗೆ, ಯಾವುದಾದರೂ ಮರದ ಕೆಳಗೆ.

ಫಲಕದ ಮೇಲೆ ಕನ್ನಡದಲ್ಲಿ, ಬಸ್ಸಿಗೆ ಕಾಯೋ ಅಜ್ಜಿ ಕನ್ನಡಕ ಇಲ್ಲದೆ ಓದೋ ಅಷ್ಟು ದಪ್ಪಕ್ಷರದಲ್ಲಿ ಇಷ್ಟಿರಲಿ: ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು, ರಾಜಪ್ರತಿನಿಧಿ, 1895ರಿಂದ 1902. ಎದುರಿಗಿರುವ ಅರಮನೆಯನ್ನು ಬೆಂಕಿಯ ನಂತರ ಮತ್ತೆ ಕಟ್ಟಿಸಲು ಅಪ್ಪಣೆ ಕೊಟ್ಟವರು. ಉದ್ಘಾಟನೆ ಮಾಡಿದವರ ಹೆಸರು, ಉಪಸ್ಥಿತರಿದ್ದವರು, ಗುದ್ದಲಿ ಪೂಜೆಯ ತಾರೀಖು ಇವನ್ನೆಲ್ಲ ಬೇಕಾದರೆ ಹಿಂದುಗಡೆ ಕೆತ್ತಿಸಿಕೊಳ್ಳಲಿ.